ಕರ್ತೃತ್ವವೂ ಯಂತ್ರವೂ

ಹೃದಯದ ಶಸ್ತ್ರಚಿಕಿತ್ಸೆ ಮುಗಿದು, ಕೆಲಹೊತ್ತು ನಿಂತಿದ್ದ ಹೃದಯ ಮರಳಿ ಬಡಿಯತೊಡಗಿ, ರೋಗಿಯನ್ನು ತೀವ್ರ ನಿಗಾ ಘಟಕದ ಮಂಚಕ್ಕೆ ತಂದು ಮಲಗಿಸಿದಾಗ, ಹೊರಗೆ ಕಾದು ಕುಳಿತ ಮನೆಯವರಿಗೆ ಗಂಡಾಂತರ ಕಳೆಯಿತೆಂಬ ಭಾವನೆ ಬರುವುದು ಸಹಜ; ಆದರೆ ಅಲ್ಲಿಂದ ಮುಂದಿನ ಕೆಲವು ಗಂಟೆಗಳೇ ಶುಶ್ರೂಷೆಯಲ್ಲಿ ಅತ್ಯಂತ ಸೂಕ್ಷ್ಮವಾದ ಕಾಲವೆಂಬುದನ್ನು ಆ ವಿದ್ಯೆಯಲ್ಲಿ ಪಳಗಿದವರು ಬಲ್ಲರು. ತಣಿಸಲ್ಪಟ್ಟಿದ್ದ ಶರೀರ ಮರಳಿ ಬಿಸಿಯೇರುತ್ತಿರುತ್ತದೆ. ಅರಿವಳಿಕೆಯ ಮಬ್ಬು ಮೆಲ್ಲಮೆಲ್ಲನೆ ಹರಿಯುತ್ತಿರುತ್ತದೆ. ದೇಹವು ತನಗೊದಗಿದ ಆಘಾತಕ್ಕೆ ಪ್ರತಿಯಾಗಿ ನರಗಳನ್ನು ಕೆರಳಿಸಿ, ಗ್ರಂಥಿರಸಗಳನ್ನು ಸುರಿಸಿ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಇದರಿಂದಾಗಿ ಅನೇಕ ರೋಗಿಗಳಲ್ಲಿ ರಕ್ತದೊತ್ತಡ ಮಿತಿಮೀರಿ ಏರುವುದುಂಟು. ಏರಿದರೆ ಹೊಸ ಹೊಲಿಗೆಗಳಲ್ಲಿ ರಕ್ತ ಒಸರಬಹುದು, ಈಗತಾನೇ ಚೇತರಿಸಿಕೊಳ್ಳುತ್ತಿರುವ ಹೃದಯ ಬಿಗಿದ ನಾಳಗಳಿಗೆ ಎದುರಾಗಿ ದುಡಿದು ಸೋಲಬಹುದು. ಇಳಿಸಲು ಹೋಗಿ ಅತಿಯಾಗಿ ಇಳಿಸಿದರೆ ಮಿದುಳಿಗೂ ಮೂತ್ರಪಿಂಡಗಳಿಗೂ ರಕ್ತ ಸಾಲದಾಗಬಹುದು. ಈ ಎರಡು ಅಪಾಯಗಳ ನಡುವಣ ಕಿರಿದಾದ ದಾರಿಯಲ್ಲಿ, ತಾನೇನೂ ಅರಿಯದೆ ಮಲಗಿರುವ ಒಂದು ಜೀವವನ್ನು ಕೈಹಿಡಿದು ನಡೆಸುವ ಕೆಲಸವನ್ನು ಮನುಷ್ಯನು ಯಂತ್ರದ ವಶಕ್ಕೆ ಕೊಟ್ಟುನೋಡಿದ ಪ್ರಯೋಗವೊಂದು ನಡೆದಿದೆ. ಆ ಪ್ರಯೋಗವು ವೈದ್ಯರಿಗೆ ಎಷ್ಟು ಮುಖ್ಯವೋ, ಕರ್ತೃತ್ವವೆಂದರೇನು ಎಂದು ಚಿಂತಿಸುವವರಿಗೂ ಅಷ್ಟೇ ಮುಖ್ಯವೆಂದು ನನ್ನ ಎಣಿಕೆ.

ಮೊದಲು ಔಷಧದ ವಿಷಯ. ಸೋಡಿಯಂ ನೈಟ್ರೋಪ್ರುಸೈಡ್ ಎಂಬುದು ಅದರ ಹೆಸರು. ಧಾರೆಯಾಗಿ ರಕ್ತಕ್ಕೆ ಸೇರಿದ ಒಂದೆರಡು ನಿಮಿಷಗಳಲ್ಲೇ ಅದು ನಾಳಗಳ ಬಿಗುವನ್ನು ಸಡಿಲಿಸುತ್ತದೆ. ಧಾರೆ ನಿಂತರೆ ಅದರ ಪ್ರಭಾವವೂ ಕೆಲವೇ ನಿಮಿಷಗಳಲ್ಲಿ ಅಳಿದುಹೋಗುತ್ತದೆ. ಇಷ್ಟು ಬೇಗ ಮೂಡಿ ಇಷ್ಟು ಬೇಗ ಮಾಯುವ ಗುಣದಿಂದಲೇ ಅದು ಕ್ಷಣಕ್ಷಣಕ್ಕೆ ಹೊಂದಿಸಿಕೊಳ್ಳಬಹುದಾದ ಔಷಧವಾಯಿತು. ಆದರೆ ಅದರ ಅಣುವಿನ ರಚನೆಯನ್ನು ನೋಡಿದವರಿಗೆ ಒಂದು ಗಾಬರಿ ತಪ್ಪದು: ನಡುವೆ ಕಬ್ಬಿಣದ ಒಂದು ಪರಮಾಣು, ಅದರ ಸುತ್ತ ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡಿನ ಒಂದು ಅಂಶ, ಉಳಿದ ಐದು ಸ್ಥಾನಗಳಲ್ಲೂ ಸಯನೈಡ್. ಯಕೃತ್ತು ಆ ವಿಷವನ್ನು ಗಂಧಕದ ನೆರವಿನಿಂದ ಸೌಮ್ಯವಾದ ಬೇರೊಂದು ವಸ್ತುವಾಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಅದರ ಶಕ್ತಿ ಮೀರಿ ಸುರಿದರೆ ಔಷಧವೇ ಮೃತ್ಯುವಾಗುತ್ತದೆ. ಆದ್ದರಿಂದ ದೇಹದ ತೂಕದ ಕಿಲೋ ಒಂದಕ್ಕೆ ನಿಮಿಷಕ್ಕೆ 10 ಮೈಕ್ರೋಗ್ರಾಮಿನಷ್ಟು ವೇಗವನ್ನು 10 ನಿಮಿಷಗಳಿಗಿಂತ ಹೆಚ್ಚು ಹೊತ್ತು ನಡೆಸಬಾರದೆಂಬ ಕಟ್ಟಳೆಯುಂಟು. ಬೆಳಕು ತಗುಲಿದರೂ ಅದು ಕೆಡುವುದರಿಂದ ಅದರ ಸೀಸೆಗೆ ಬೆಳಕು ತೂರದ ಹೊದಿಕೆಯನ್ನು ಸುತ್ತಿ ತೂಗುಹಾಕುತ್ತಾರೆ. ಅಮೃತವೂ ಹಾಲಾಹಲವೂ ಒಂದೇ ಕಡಲಿನಿಂದ ಹುಟ್ಟಿದುವೆಂಬ ಪುರಾಣವನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ವಿಸ್ಮಯವೇನೂ ಇರಬೇಕಾಗಿಲ್ಲ. ಆದರೂ ಅವೆರಡೂ ಒಂದೇ ಹನಿಯಲ್ಲಿರುವುದನ್ನು ಕಣ್ಣೆದುರು ಕಂಡಾಗ ಮನಸ್ಸು ಒಮ್ಮೆ ತಡೆದು ನಿಲ್ಲುತ್ತದೆ.

ಈ ಧಾರೆಯನ್ನು ಹೆಚ್ಚುಕಡಿಮೆ ಮಾಡುವ ಭಾರ ಸಾಮಾನ್ಯವಾಗಿ ದಾದಿಯ ಮೇಲೆ ಬೀಳುತ್ತದೆ. ರೋಗಿಯ ಮಣಿಕಟ್ಟಿನ ಧಮನಿಯೊಳಗೆ ಇಟ್ಟ ಸಣ್ಣ ನಳಿಗೆಯಿಂದ ಬರುವ ಒತ್ತಡದ ಲೆಕ್ಕವನ್ನು ಆಕೆ ಮಾನಿಟರಿನ ಮೇಲೆ ನೋಡುತ್ತಾಳೆ. ಏರಿದರೆ ಪಂಪಿನ ವೇಗವನ್ನು ಹೆಚ್ಚಿಸುತ್ತಾಳೆ, ಇಳಿದರೆ ತಗ್ಗಿಸುತ್ತಾಳೆ. ಹೇಳುವುದಕ್ಕೆ ಸುಲಭ. ಆದರೆ ತೋಳಿನಲ್ಲಿ ಹೊಕ್ಕ ಔಷಧ ಹೃದಯವನ್ನು ಸೇರಿ, ಪುಪ್ಫುಸಗಳನ್ನು ಹಾದು, ಸರ್ವಾಂಗದ ಸೂಕ್ಷ್ಮ ನಾಳಗಳನ್ನು ಮುಟ್ಟಿ ಕೆಲಸಮಾಡಲು ಸ್ವಲ್ಪ ಕಾಲ ಹಿಡಿಯುತ್ತದೆ. ಆ ಕಾಲವನ್ನು ಸಹಿಸದವನು, ಬಚ್ಚಲುಮನೆಯ ಹಂಡೆಯ ನೀರು ಇನ್ನೂ ಕಾಯಲಿಲ್ಲವೆಂದು ಒಲೆಗೆ ಸೌದೆಯ ಮೇಲೆ ಸೌದೆ ತುರುಕಿ ಕಡೆಗೆ ಮುಟ್ಟಲಾರದ ಕುದಿನೀರಿನ ಮುಂದೆ ನಿಲ್ಲುವವನಂತೆ, ಫಲ ಕಾಣುವ ಮೊದಲೇ ಮತ್ತಷ್ಟು ಸುರಿದು ಒತ್ತಡವನ್ನು ಪಾತಾಳಕ್ಕಿಳಿಸುತ್ತಾನೆ. ಅದನ್ನು ಕಂಡು ಬೆದರಿ ಧಾರೆಯನ್ನು ನಿಲ್ಲಿಸುತ್ತಾನೆ. ಒತ್ತಡ ಮತ್ತೆ ನೆತ್ತಿಗೇರುತ್ತದೆ. ಮೇಲಾಗಿ ಒಬ್ಬ ರೋಗಿಯ ದೇಹದಂತೆ ಇನ್ನೊಬ್ಬನದಿಲ್ಲ. ಈ ವಿಷಯವನ್ನು ಗಣಿತದ ಸೂತ್ರಕ್ಕೆ ತಂದ ವಿದ್ವಾಂಸರು, ಅಷ್ಟೇ ಔಷಧಕ್ಕೆ ಒಂದು ದೇಹ ತೋರುವ ಸ್ಪಂದನಕ್ಕೂ ಇನ್ನೊಂದು ತೋರುವ ಸ್ಪಂದನಕ್ಕೂ 36 ಪಟ್ಟಿನವರೆಗೂ ಅಂತರವಿರಬಹುದೆಂದು ಎಣಿಸಿದ್ದಾರೆ. ಒಂದೇ ಮಂಚದ ಮೇಲಿನ ಒಬ್ಬನೇ ರೋಗಿಯೂ ಬೆಳಗಿನಲ್ಲಿದ್ದಂತೆ ಸಂಜೆಯಲ್ಲಿರುವುದಿಲ್ಲ.

ಅಮೆರಿಕದ ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ವಿಶ್ವವಿದ್ಯಾಲಯದಲ್ಲಿ ಈ ಭಾರವನ್ನು ಗಣಕಯಂತ್ರಕ್ಕೆ ಹೊರಿಸುವ ಪ್ರಯತ್ನ ನಡೆಯಿತು. ಅಲ್ಲಿನ ಶಸ್ತ್ರವೈದ್ಯ ಜಾನ್ ಕರ್ಕ್‌ಲಿನ್, ಹೃದಯ ಪುಪ್ಫುಸಗಳ ಕೆಲಸವನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳುವ ಯಂತ್ರದ ನೆರವಿನಿಂದ 1955ರಲ್ಲಿ ಮೇಯೋ ಕ್ಲಿನಿಕ್‌ನಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗಳನ್ನು ಸಾಲಾಗಿ ನಡೆಸಿ ಹೆಸರಾದವರು. 1966ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದರು. ಶಸ್ತ್ರಚಿಕಿತ್ಸೆಯ ಅನಂತರದ ಶುಶ್ರೂಷೆಯನ್ನು ಊಹೆಯ ಮೇಲೂ ಅಭ್ಯಾಸದ ಮೇಲೂ ಬಿಡದೆ ನಿಯಮಗಳಲ್ಲಿ ಬರೆದಿಡಬಹುದೆಂಬುದು ಅವರ ನಂಬಿಕೆ. ಹಾಗೆ ಬರೆದಿಡಬಹುದಾದದ್ದನ್ನು ಗಣಕವು ನಡೆಸಬಹುದೆಂದು ತೋರಿಸಿದ್ದು ಅವರೊಡನೆ ದುಡಿದ ಎಂಜಿನಿಯರ್ ಲೂಯಿ ಶೆಪ್ಪರ್ಡ್ ಅವರ ಸಾಧನೆ. ಮೊದಲು ಕಳೆದುಹೋದ ರಕ್ತವನ್ನು ತುಂಬುವ ಕೆಲಸ, ಆಮೇಲೆ 1970ರ ದಶಕದಲ್ಲಿ ನೈಟ್ರೋಪ್ರುಸೈಡಿನ ಧಾರೆ, ಹೀಗೆ ಒಂದೊಂದಾಗಿ ಗಣಕದ ಪಾಲಿಗೆ ಬಂದುವು. ಯಂತ್ರವು ಧಮನಿಯ ಒತ್ತಡವನ್ನು ಮತ್ತೆ ಮತ್ತೆ ಅಳೆಯುತ್ತದೆ. ವೈದ್ಯನು ಗೊತ್ತುಪಡಿಸಿದ ಗುರಿಗೂ ಅದಕ್ಕೂ ಇರುವ ಅಂತರವನ್ನು ಕಾಣುತ್ತದೆ. ಆ ಅಂತರಕ್ಕೆ ತಕ್ಕಂತೆ ಪಂಪಿಗೆ ಆಜ್ಞೆ ಕೊಡುತ್ತದೆ. ಅದರ ಫಲವನ್ನು ಮರಳಿ ಅಳೆಯುತ್ತದೆ. ಮನುಷ್ಯರ ಕೈ ನಡೆಸಿದಾಗ ಇದ್ದುದಕ್ಕಿಂತ ಯಂತ್ರ ನಡೆಸಿದಾಗ ಒತ್ತಡವು ಗುರಿಯ ಸಮೀಪದಲ್ಲಿ ಹೆಚ್ಚು ಸ್ಥಿರವಾಗಿ ನಿಂತಿತೆಂದು ಆ ಪ್ರಯೋಗಗಳನ್ನು ನಡೆಸಿದವರು ವರದಿಮಾಡಿದರು. ಯಂತ್ರಕ್ಕೆ ಬೇಸರವಿಲ್ಲ, ನಿದ್ದೆಯಿಲ್ಲ. ಪಕ್ಕದ ಮಂಚದಿಂದ ಕೂಗು ಬಂದರೆ ಅದರ ಗಮನ ಅತ್ತ ಹರಿಯುವುದಿಲ್ಲ.

ಹಾಗಾದರೆ ಇಲ್ಲಿ ಔಷಧವನ್ನು ಕೊಡುತ್ತಿರುವವರು ಯಾರು? ರೋಗಿ ಉಳಿದರೆ ಉಳಿಸಿದವರು ಯಾರು, ಅಳಿದರೆ ಆ ಪಾಪ ಯಾರದು? ಇದು ನ್ಯಾಯಾಲಯದ ಪ್ರಶ್ನೆ ಮಾತ್ರವಲ್ಲ. ನಮ್ಮ ದರ್ಶನಕಾರರು ಕರ್ತೃವೆಂಬ ಪದಾರ್ಥದ ಲಕ್ಷಣವನ್ನು ನಿರ್ಣಯಿಸಲು ಪಟ್ಟ ಶ್ರಮ ಅಪಾರವಾದುದು, ಮತ್ತು ಆ ಶ್ರಮದ ಫಲ ಈ ಪ್ರಶ್ನೆಗೆ ನೇರವಾಗಿ ಒದಗುತ್ತದೆ. ನೈಯಾಯಿಕರು ಕರ್ತೃವಿನಲ್ಲಿ ಮೂರು ಧರ್ಮಗಳು ಇರಲೇಬೇಕೆಂದರು: ತಾನು ಕೈಹಚ್ಚುವ ಸಾಮಗ್ರಿಯ ಸಾಕ್ಷಾತ್ ಜ್ಞಾನ, ಇದನ್ನು ಮಾಡಬೇಕೆಂಬ ಇಚ್ಛೆ, ಅಂದರೆ ಚಿಕೀರ್ಷೆ, ಆ ಇಚ್ಛೆಯಿಂದ ಹೊರಡುವ ಯತ್ನ, ಅಂದರೆ ಕೃತಿ. ಮಣ್ಣನ್ನು ಬಲ್ಲ, ಗಡಿಗೆಯನ್ನು ಬಯಸುವ, ಚಕ್ರವನ್ನು ತಿರುಗಿಸುವ ಕುಂಬಾರನಲ್ಲಿ ಈ ಮೂರೂ ಕೂಡಿವೆ, ದಂಡಚಕ್ರಗಳಲ್ಲಿ ಕೂಡಿಲ್ಲ. ಬರ್ಮಿಂಗ್‌ಹ್ಯಾಮಿನ ಯಂತ್ರವನ್ನು ಈ ಒರೆಗಲ್ಲಿಗೆ ಹಚ್ಚಿನೋಡಿದರೆ ಸಂಗತಿ ಕುತೂಹಲಕರವಾಗುತ್ತದೆ. ಕುಂಬಾರನ ಕೋಲಿಗೆ ಗಡಿಗೆ ಸೊಟ್ಟಗಾದದ್ದು ತಿಳಿಯದು. ಈ ಯಂತ್ರಕ್ಕೋ ಒತ್ತಡ ಏರಿದ್ದು ಒಂದರ್ಥದಲ್ಲಿ ತಿಳಿಯುತ್ತದೆ. ಕೋಲು ತಾನಾಗಿ ತಿದ್ದಿಕೊಳ್ಳದು, ಇದು ತಿದ್ದಿಕೊಳ್ಳುತ್ತದೆ. ಜ್ಞಾನದ ಛಾಯೆ ಅದರಲ್ಲಿದೆ, ಕೃತಿಯ ಛಾಯೆಯೂ ಇದೆ. ಇಲ್ಲದಿರುವುದು ನಡುವಣ ಚಿಕೀರ್ಷೆ. ಈ ರೋಗಿಯ ಒತ್ತಡ ಇಷ್ಟಿರಲಿ ಎಂದು ಬಯಸಿದವನು ವೈದ್ಯ. ಬೇರೊಂದು ಸಂಖ್ಯೆಯನ್ನು ಅದಕ್ಕೆ ಒಪ್ಪಿಸಿದ್ದರೆ ಅಷ್ಟೇ ನಿಷ್ಠೆಯಿಂದ ಅದು ಆ ಸಂಖ್ಯೆಯ ಬೆನ್ನುಹತ್ತುತ್ತಿತ್ತು, ಆ ಸಂಖ್ಯೆ ಮಾರಕವಾಗಿದ್ದರೂ.

ಇಲ್ಲಿಗೇ ನಿಲ್ಲಿಸಿ, ಯಂತ್ರವು ಕರಣವೇ ಹೊರತು ಕರ್ತೃವಲ್ಲವೆಂದು ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಹಾಗೆ ಅವಸರಪಡುವವನನ್ನು ಅವನ ದೇಹವೇ ತಡೆದು ಕೇಳುತ್ತದೆ: ನಿನ್ನ ಸ್ವಂತ ರಕ್ತದೊತ್ತಡವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಯಾರು? ಕತ್ತಿನ ಧಮನಿ ಕವಲೊಡೆಯುವೆಡೆಯಲ್ಲೂ ಮಹಾಧಮನಿಯ ಬಾಗಿನಲ್ಲೂ ನಾಳದ ಗೋಡೆಯ ಹಿಗ್ಗುವಿಕೆಯನ್ನು ಗ್ರಹಿಸುವ ನರತಂತುಗಳಿವೆ. ಮಲಗಿದ್ದವನು ಎದ್ದುನಿಂತ ಕೂಡಲೇ ರಕ್ತ ಕಾಲುಗಳತ್ತ ಇಳಿಯಲು, ಅವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸಿ, ಮುಂದಿನ ಕೆಲವು ಬಡಿತಗಳೊಳಗಾಗಿ ಹೃದಯವನ್ನು ಚುರುಕುಗೊಳಿಸಿ ನಾಳಗಳನ್ನು ಬಿಗಿಸುತ್ತವೆ. ಅಳೆಯುವುದು, ಗುರಿಯೊಡನೆ ಹೋಲಿಸುವುದು, ತಿದ್ದುವುದು, ಮರಳಿ ಅಳೆಯುವುದು: ಶೆಪ್ಪರ್ಡ್ ಅವರ ಯಂತ್ರ ಮಾಡಿದ್ದೂ ಇದನ್ನೇ. ಟೆಡಿಂಗ್‌ಟನ್ ಎಂಬ ಇಂಗ್ಲೆಂಡಿನ ಊರಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಕುದುರೆಯೊಂದರ ಧಮನಿಗೆ ಹಿತ್ತಾಳೆಯ ಕೊಳವೆಯನ್ನಿಟ್ಟು, ಅದಕ್ಕೆ ಜೋಡಿಸಿದ ಗಾಜಿನ ನಳಿಗೆಯಲ್ಲಿ ರಕ್ತ 8 ಅಡಿ 3 ಅಂಗುಲ ಮೇಲೇರಿ ನಿಂತು ಒಂದೊಂದು ಬಡಿತಕ್ಕೂ ತೂಗಾಡುವುದನ್ನು ಕಂಡು 1733ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ, ಸೃಷ್ಟಿಕರ್ತನು ತೂಕ ಅಳತೆಗಳಿಂದ ಜಗತ್ತನ್ನು ರಚಿಸಿದನೆಂಬ ಶ್ರದ್ಧೆಯೇ ಅವರ ಕೈಯನ್ನು ನಡೆಸಿತ್ತು. ಎರಡು ಶತಮಾನಗಳ ಅನಂತರ ಹಾರ್ವರ್ಡಿನ ವಾಲ್ಟರ್ ಕ್ಯಾನನ್, ದೇಹವು ತನ್ನೊಳಗಿನ ಸ್ಥಿತಿಯನ್ನು ತಾನೇ ಸಮವಾಗಿ ಕಾಯ್ದುಕೊಳ್ಳುವ ಬಗೆಯನ್ನು ನಿರೂಪಿಸಿ 1932ರಲ್ಲಿ ಬರೆದ ಪುಸ್ತಕಕ್ಕೆ ದೇಹದ ವಿವೇಕವೆಂದೇ ಹೆಸರಿಟ್ಟರು. ಆ ವಿವೇಕದಲ್ಲಿ ನಾನು ಎಂಬವನ ಪಾಲೆಷ್ಟು? ನಾನು ಬಯಸಿದ್ದರಿಂದ ಅದು ನಡೆಯುತ್ತಿಲ್ಲ. ನಾನು ಮರೆತಾಗ ನಿಲ್ಲುವುದೂ ಇಲ್ಲ.

ವೈಶೇಷಿಕ ದರ್ಶನದ ಪ್ರಶಸ್ತಪಾದನು ಈ ತೊಡಕನ್ನು ಬಹು ಹಿಂದೆಯೇ ಕಂಡಿದ್ದನೆಂಬುದು ನನಗೆ ಅತ್ಯಂತ ಆದರಣೀಯವಾದ ವಿಷಯವಾಗಿದೆ. ಯತ್ನವೆಲ್ಲ ಇಚ್ಛೆಯಿಂದ ಹುಟ್ಟುವುದಾದರೆ, ಗಾಢನಿದ್ರೆಯಲ್ಲಿ ಇಚ್ಛೆಯೇ ಇಲ್ಲದವನ ಉಸಿರಾಟ ಹೇಗೆ ನಡೆಯುತ್ತದೆ? ಆದ್ದರಿಂದ ಅವನು ಪ್ರಯತ್ನದಲ್ಲಿ ಎರಡು ಬಗೆಗಳನ್ನು ಹೇಳಿದನು: ಇಚ್ಛಾದ್ವೇಷಗಳಿಂದ ಹುಟ್ಟುವುದು ಒಂದು, ಬದುಕಿರುವಿಕೆಯಿಂದಲೇ ಹುಟ್ಟಿ ನಿದ್ರಿತನ ಪ್ರಾಣಾಪಾನಗಳನ್ನು ನಡೆಸುವುದು ಇನ್ನೊಂದು. ಈ ಎರಡನೆಯದನ್ನು ಅವನು ಯತ್ನವೆಂದೇ ಕರೆದನೆಂಬುದನ್ನು ಗಮನಿಸಬೇಕು. ಅದನ್ನು ಕಲ್ಲು ಬೀಳುವ, ನೀರು ಹರಿಯುವ ಕ್ರಿಯೆಗಳ ಸಾಲಿಗೆ ತಳ್ಳಲು ಅವನಿಗೆ ಮನಸ್ಸಾಗಲಿಲ್ಲ. ನಾನು ಮಾಡಿದೆನೆಂಬ ಅಹಂಕಾರದ ಸಾಲಿಗೆ ಸೇರಿಸಲೂ ಅವನು ಒಪ್ಪಲಿಲ್ಲ. ಜೀವವಿರುವೆಡೆಯಲ್ಲಿ, ಅದು ನಿದ್ರಿಸುತ್ತಿದ್ದರೂ, ತನ್ನನ್ನು ತಾನು ಉಳಿಸಿಕೊಳ್ಳುವ ಒಂದು ನೆಮ್ಮುಗೆ ಇದೆಯೆಂದು ಅವನ ಅಭಿಪ್ರಾಯ.

ಆದರೆ ಆ ನೆಮ್ಮುಗೆಯೂ ತಪ್ಪುವುದುಂಟಲ್ಲ! ಶಸ್ತ್ರಚಿಕಿತ್ಸೆಯ ಮಂಚದ ಮೇಲೆ ನಡೆಯುವುದೇ ಅದು. ಗಾಯಗೊಂಡ ಪ್ರಾಣಿಯ ನಾಳಗಳು ಬಿಗಿದುಕೊಂಡು, ಹೃದಯ ಹುರುಪಿನಿಂದ ಬಡಿದು, ಒತ್ತಡವನ್ನು ಎತ್ತಿಹಿಡಿಯುವುದು ಕಾಡಿನಲ್ಲಿ ಅದರ ಪ್ರಾಣವನ್ನು ಉಳಿಸುವ ಉಪಾಯ; ಎಷ್ಟೋ ಯುಗಗಳ ಅನುಭವ ಆ ಪ್ರತಿಕ್ರಿಯೆಯಲ್ಲಿ ಮಡುಗಟ್ಟಿದೆ. ಎದೆಯ ಮೇಲಿನ ಈ ಗಾಯವು ಹುಲಿಯ ಉಗುರಿನದಲ್ಲ, ಕರುಣೆಯಿಂದ ಮಾಡಿದ್ದು, ಇಲ್ಲಿ ಓಡಬೇಕಾಗಿಲ್ಲ, ಹೋರಾಡಬೇಕಾಗಿಲ್ಲ ಎಂಬುದು ಆ ಹಳೆಯ ವಿವೇಕಕ್ಕೆ ತಿಳಿಯದು. ಅದು ತನ್ನ ಧರ್ಮವನ್ನೇ ನಡೆಸುತ್ತದೆ, ಮತ್ತು ಆ ಧರ್ಮವೇ ಈಗ ರೋಗಿಗೆ ಕಂಟಕವಾಗುತ್ತದೆ. ವೈದ್ಯನು ಇಳಿಸಹೊರಟಿರುವುದು ಯಾವುದೋ ಹೊರಗಿನ ಶತ್ರುವನ್ನಲ್ಲ, ಆ ರೋಗಿಯ ದೇಹ ತನ್ನ ರಕ್ಷಣೆಗೆಂದೇ ಎತ್ತಿದ ಕೈಯನ್ನು. ನಿಸರ್ಗಕ್ಕೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ಈ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ದೇಹದ ವಿವೇಕಕ್ಕೂ ಸಂದರ್ಭವನ್ನು ಬಲ್ಲ ಇನ್ನೊಂದು ವಿವೇಕದ ಆಸರೆ ಬೇಕಾಗುವ ಗಳಿಗೆಗಳಿವೆ.

ಅಚೇತನವು ಉದ್ದೇಶಪೂರ್ವಕವಾಗಿ ನಡೆಯಬಲ್ಲುದೇ ಎಂಬ ವಾದವನ್ನು ಸಾಂಖ್ಯರೂ ವೇದಾಂತಿಗಳೂ ಹಾಲಿನ ದೃಷ್ಟಾಂತದ ಸುತ್ತ ನಡೆಸಿದ್ದಾರೆ. ಕರುವಿನ ಪೋಷಣೆಗಾಗಿ ಅಚೇತನವಾದ ಹಾಲು ಹೇಗೆ ತಾನಾಗಿಯೇ ಸುರಿಯುವುದೋ ಹಾಗೆಯೇ ಅಚೇತನವಾದ ಪ್ರಕೃತಿಯು ಪುರುಷನ ಬಿಡುಗಡೆಗಾಗಿ ಪ್ರವರ್ತಿಸುತ್ತದೆಯೆಂದು ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಪ್ರತಿಪಾದಿಸಿದನು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದನ್ನು ಎತ್ತಿಕೊಂಡು, ಹಾಲು ತಾನಾಗಿ ಸುರಿಯುತ್ತದೆಂಬ ಮಾತೇ ಅಸಿದ್ಧವೆಂದರು: ಅಲ್ಲಿ ಕರುವಿನ ಮೇಲೆ ವಾತ್ಸಲ್ಯವುಳ್ಳ ಚೇತನವಾದ ಹಸುವಿದೆ; ಹಾಲನ್ನು ಸೆಳೆಯುವ ಕರುವಿನ ಚೀಪುವಿಕೆಯಿದೆ. ನೋಡುವವನ ಕಣ್ಣು ಹಾಲಿನ ಧಾರೆಯೊಂದರ ಮೇಲೆಯೇ ನೆಟ್ಟರೆ ಅದು ಸ್ವತಂತ್ರವೆನ್ನಿಸುವುದು. ಸ್ವಲ್ಪ ಹಿಂದೆ ಸರಿದು ನೋಡಿದರೆ ಎರಡು ತುದಿಗಳಲ್ಲೂ ಒಂದೊಂದು ಜೀವವಿರುವುದು ಕಾಣುವುದು. ನೈಟ್ರೋಪ್ರುಸೈಡಿನ ಧಾರೆಗೂ ಈ ವಿಮರ್ಶೆ ಚೆನ್ನಾಗಿ ಅನ್ವಯಿಸುತ್ತದೆ. ಪಂಪನ್ನೂ ಗಣಕವನ್ನೂ ಮಾತ್ರ ನೋಡಿದರೆ ಧಾರೆಯು ತಾನಾಗಿ ಏರಿಳಿಯುವಂತಿದೆ. ಆದರೆ ಒಂದು ತುದಿಯಲ್ಲಿ ಗುರಿಯನ್ನು ಗೊತ್ತುಮಾಡಿದ, ಈತ ಬದುಕಲಿ ಎಂದು ಹಾರೈಸಿದ ವೈದ್ಯನಿದ್ದಾನೆ. ಇನ್ನೊಂದು ತುದಿಯಲ್ಲಿ ತನ್ನ ನಾಳಗಳ ಬಿಗಿತ ಸಡಿಲಗಳಿಂದ ಆ ಧಾರೆಯನ್ನು ಕ್ಷಣಕ್ಷಣಕ್ಕೂ ಕರೆಯುತ್ತಿರುವ, ತಳ್ಳುತ್ತಿರುವ ರೋಗಿಯಿದ್ದಾನೆ.

ಸಾಂಖ್ಯರ ಪಕ್ಷವನ್ನು ನಮ್ಮ ಕಾಲಕ್ಕೆ ಸಮೀಪದಲ್ಲಿ ಹೊಸ ಬಲದಿಂದ ಎತ್ತಿಹಿಡಿದವರೂ ಉಂಟು. ಕ್ಯಾನನ್ನರ ಸಹೋದ್ಯೋಗಿಯಾಗಿದ್ದ ಆರ್ಟುರೋ ರೋಸೆನ್‌ಬ್ಲೂಥ್, ಗಣಿತಜ್ಞ ನಾರ್ಬರ್ಟ್ ವೀನರ್, ಎಂಜಿನಿಯರ್ ಜೂಲಿಯನ್ ಬಿಗೆಲೋ, ಈ ಮೂವರೂ 1943ರಲ್ಲಿ ವಿಜ್ಞಾನದ ತತ್ತ್ವವಿಚಾರಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ, ತನ್ನ ತಪ್ಪಿನ ಸುದ್ದಿಯನ್ನು ಪಡೆದು ತನ್ನನ್ನೇ ತಿದ್ದಿಕೊಳ್ಳುವ ನಡವಳಿಕೆಗೇ ಉದ್ದೇಶವೆಂಬ ಮಾತು ಸಲ್ಲುತ್ತದೆಂದು ವಾದಿಸಿದರು. ಹಾಗಾದಾಗ ಯಂತ್ರಕ್ಕೂ ಪ್ರಾಣಿಗೂ ನಡುವೆ ಆ ವಿಷಯದಲ್ಲಿ ಗೆರೆ ಉಳಿಯುವುದಿಲ್ಲ. 1948ರ ತನ್ನ ಪ್ರಸಿದ್ಧ ಗ್ರಂಥ ‘ಸೈಬರ್ನೆಟಿಕ್ಸ್’ ಅನ್ನು ವೀನರ್ ಅರ್ಪಿಸಿದ್ದು ರೋಸೆನ್‌ಬ್ಲೂಥ್ ಅವರಿಗೇ. ಈ ವಾದದ ಪ್ರಯೋಜನವನ್ನು ನಾನು ಅಲ್ಲಗಳೆಯಲಾರೆ. ಅದಿಲ್ಲದಿದ್ದರೆ ಬರ್ಮಿಂಗ್‌ಹ್ಯಾಮಿನ ಯಂತ್ರ ಹುಟ್ಟುತ್ತಿತ್ತೋ ಇಲ್ಲವೋ. ಆದರೆ ಗುರಿಯತ್ತ ನಡೆಯುವುದು ಬೇರೆ, ಗುರಿಯನ್ನು ತನ್ನದೆಂದು ಬಯಸುವುದು ಬೇರೆ. ಮೊದಲನೆಯದನ್ನು ಯಂತ್ರವು ಮನುಷ್ಯನಿಗಿಂತ ಚೆನ್ನಾಗಿ ಮಾಡಬಹುದು. ಎರಡನೆಯದು ಅದಕ್ಕೆ ಒಂದಿಷ್ಟೂ ಇಲ್ಲ. ಗುರಿ ತಪ್ಪಿದಾಗ ಅದಕ್ಕೆ ನಷ್ಟವಾಗುವುದೂ ಏನಿಲ್ಲ. ನಷ್ಟವಾಗುವುದು ಮಂಚದ ಮೇಲಿರುವವನಿಗೆ.

ಇದು ಕೇವಲ ಸೂಕ್ಷ್ಮತರ್ಕವಲ್ಲವೆಂಬುದು ಆ ಮಂಚದ ಪಕ್ಕದ ಒಂದು ಸಣ್ಣ ಉಪಕರಣವನ್ನು ನೋಡಿದರೆ ತಿಳಿಯುತ್ತದೆ. ಧಮನಿಯೊಳಗಿನ ಒತ್ತಡವನ್ನು ವಿದ್ಯುತ್ತಿನ ಸಂಕೇತವಾಗಿ ಮಾರ್ಪಡಿಸುವ ಟ್ರಾನ್ಸ್‌ಡ್ಯೂಸರ್ ಎಂಬ ಆ ಉಪಕರಣವನ್ನು ರೋಗಿಯ ಹೃದಯದ ಮಟ್ಟಕ್ಕೇ ಸರಿಯಾಗಿ ಕಟ್ಟಿರಬೇಕು. ಯಾರೋ ಮಂಚವನ್ನು ಎತ್ತರಿಸಿದರು, ಉಪಕರಣವನ್ನು ಎತ್ತರಿಸಲು ಮರೆತರು. ಅದು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗುಳಿಯಿತು. ಆಗ ಒತ್ತಡವು ಇದ್ದುದಕ್ಕಿಂತ 7ರಿಂದ 8 ಮಿಲಿಮೀಟರ್ ಪಾದರಸದಷ್ಟು ಹೆಚ್ಚಾಗಿ ಕಾಣುತ್ತದೆ. ರೋಗಿಯಲ್ಲಿ ಏನೂ ಬದಲಾಗಿಲ್ಲ. ಆದರೂ ಯಂತ್ರ ತನಗೆ ಕಂಡದ್ದನ್ನು ನಂಬಿ ಔಷಧವನ್ನು ಹೆಚ್ಚಿಸುತ್ತದೆ. ಹಾಗೆಯೇ ಪರೀಕ್ಷೆಗೆಂದು ರಕ್ತ ತೆಗೆದ ಮೇಲೆ ದಾದಿಯು ನಳಿಗೆಯೊಳಗೆ ಲವಣಜಲವನ್ನು ಹಾಯಿಸಿ ತೊಳೆಯುತ್ತಾಳೆ. ಆ ಜಲದ ಚೀಲವನ್ನು 300 ಮಿಲಿಮೀಟರ್ ಒತ್ತಡದಲ್ಲಿ ಬಿಗಿದಿರುವುದರಿಂದ ಮಾನಿಟರಿನ ಗೆರೆ ಆ ಕ್ಷಣ ಮೇಲಕ್ಕೆ ನೆಗೆಯುತ್ತದೆ. ತೊಳೆಯುತ್ತಿರುವುದು ತಾನೇ ಆದ್ದರಿಂದ ದಾದಿ ಬೆದರುವುದಿಲ್ಲ. ಬರಿಯ ಸಂಖ್ಯೆಯನ್ನು ನೋಡುವ ಯಂತ್ರಕ್ಕೆ ಅದು ಪ್ರಳಯ. ಆದ್ದರಿಂದ ಇಂಥ ಯಂತ್ರಗಳನ್ನು ಕಟ್ಟುವವರು, ನಂಬಲಾಗದ ಅಳತೆಯನ್ನು ತಳ್ಳಿಹಾಕುವಂತೆ, ಧಾರೆ ಒಂದು ಮಿತಿಯನ್ನು ಎಂದಿಗೂ ದಾಟದಂತೆ, ಒತ್ತಡ ಇಳಿಯುವಾಗ ಏರುವಾಗಿನದಕ್ಕಿಂತ ಬೇಗ ಎಚ್ಚರಗೊಳ್ಳುವಂತೆ ಕಟ್ಟುಪಾಡುಗಳನ್ನು ಹಾಕಬೇಕಾಗುತ್ತದೆ. ಆ ಒಂದೊಂದು ಕಟ್ಟುಪಾಡಿನ ಹಿಂದೆಯೂ ಇಂಥ ಗಳಿಗೆಯಲ್ಲಿ ರೋಗಿಗೆ ಹೀಗಾದೀತೆಂದು ಮುಂಗಂಡು ಅಳುಕಿದ ಒಂದು ಮನಸ್ಸಿದೆ. ಯಂತ್ರದ ಎಚ್ಚರವೆಂದು ನಾವು ಹೊಗಳುವುದೆಲ್ಲ ಯಾರೋ ಮೊದಲೇ ಪಟ್ಟು ಅಲ್ಲಿ ಬಿಟ್ಟುಹೋದ ಆತಂಕ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮದ ಸಿದ್ಧಿಗೂ ಐದು ಕಾರಣಗಳನ್ನು ಹೇಳಿರುವುದು ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಲ್ಲಿ ತಾನೊಬ್ಬನೇ ಕರ್ತೃವೆಂದು ಭಾವಿಸುವವನ ಬುದ್ಧಿ ಸಂಸ್ಕಾರ ಹೊಂದಿದ್ದಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ರೋಗಿಯ ದೇಹ, ವೈದ್ಯ, ಯಂತ್ರ, ಧಾರೆಯ ಏರಿಳಿತ, ಮತ್ತು ಒಂದು ದೇಹವು ಇನ್ನೊಂದರಿಂದ 36 ಪಟ್ಟು ಭಿನ್ನವಾಗಿ ಸ್ಪಂದಿಸುವಂತೆ ಮಾಡಿದ, ಯಾವ ಲೆಕ್ಕಕ್ಕೂ ಪೂರ್ಣವಾಗಿ ಸಿಕ್ಕದ ಆ ಐದನೆಯದು: ಇಷ್ಟೂ ಕೂಡಿದಾಗ ಒಂದು ರಾತ್ರಿ ಸುಸೂತ್ರವಾಗಿ ಕಳೆಯುತ್ತದೆ. ಗೆದ್ದಾಗ ನಾನು ಉಳಿಸಿದೆನೆನ್ನುವ ವೈದ್ಯನಿಗೆ ಈ ಉಪದೇಶ ಸಾಕು. ಸೋತಾಗ ಯಂತ್ರ ಮಾಡಿತೆನ್ನುವವನಿಗೆ? ಐದು ಕಾರಣಗಳಲ್ಲಿ ತನ್ನದು ಒಂದೇ ಎಂದು ತಿಳಿದವನು ಹೊಣೆಯಲ್ಲೂ ಐದನೆಯ ಒಂದು ಪಾಲನ್ನಷ್ಟೇ ಹೊತ್ತು ಹಗುರವಾಗಬಹುದೇ?

ಇಲ್ಲಿ ನನಗೆ ಉಡುಪಿಯ ಶ್ರೀಮಧ್ವಾಚಾರ್ಯರ ವಿಚಾರಸರಣಿ ದಾರಿ ತೋರಿದೆ. ಬ್ರಹ್ಮಸೂತ್ರಗಳಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಶಂಕರರು, ಉಳಿ ಬಾಚಿಗಳನ್ನು ಹಿಡಿದಾಗ ದುಡಿದು ದಣಿಯುವ ಬಡಗಿ ಅವನ್ನು ಕೆಳಗಿಟ್ಟು ಮನೆ ಸೇರಿದಾಗ ಸುಖಿಯಾಗಿರುವಂತೆ ಆತ್ಮನ ಕರ್ತೃತ್ವವೂ ಉಪಾಧಿಯಿಂದ ಬಂದುದು, ಸ್ವಾಭಾವಿಕವಲ್ಲ ಎಂದು ವಿವರಿಸಿದರೆ, ಮಧ್ವರು ಬೇರೊಂದು ಮುಖವನ್ನು ಕಾಣಿಸಿದರು: ಮಾಡಿಸುವವನ ಅಧೀನನಾಗಿದ್ದುಕೊಂಡೇ ಬಡಗಿ ತಾನೂ ಕರ್ತೃವಾಗಿರುವಂತೆ, ಈಶ್ವರಾಧೀನನಾದ ಜೀವನಿಗೂ ಕರ್ತೃತ್ವ ನಿಜವಾಗಿಯೇ ಉಂಟು. ಅಧೀನನಾಗಿರುವುದರಿಂದ ಕರ್ತೃತ್ವ ಸುಳ್ಳಾಗುವುದಿಲ್ಲ; ಮಾಡಿಸುವವನಿರುವುದರಿಂದ ಮಾಡುವವನು ಇಲ್ಲವಾಗುವುದಿಲ್ಲ. ಇದನ್ನು ನಮ್ಮ ಪ್ರಶ್ನೆಗೆ ಹಚ್ಚಿದರೆ, ಕ್ರಿಯೆಯನ್ನು ಎಷ್ಟು ಜನರ, ಎಷ್ಟು ಯಂತ್ರಗಳ ನಡುವೆ ಹಂಚಿದರೂ ಹೊಣೆಯು ಆಸ್ತಿಯಂತೆ ಪಾಲಾಗಿ ಸವೆಯುವುದಿಲ್ಲವೆಂದು ಹೇಳಬೇಕಾಗುತ್ತದೆ. ಗುರಿಯನ್ನು ಗೊತ್ತುಪಡಿಸಿದ ವೈದ್ಯನಲ್ಲಿ ಅದು ಪೂರ್ತಿಯಾಗಿದೆ. ಬಹುಕಾಲದಿಂದ ಒತ್ತಡದ ರೋಗವಿದ್ದವನ ದೇಹ ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋಗಿರುತ್ತದೆ, ಎಲ್ಲರಿಗೂ ಹಿಡಿಯುವ ಸಂಖ್ಯೆ ಅವನಿಗೆ ತಗ್ಗಾದೀತು ಎಂದು ಯೋಚಿಸಿ ಗುರಿಯನ್ನು ಬದಲಿಸುವುದು ಅವನ ಕೆಲಸವೇ. ಕಟ್ಟುಪಾಡುಗಳನ್ನು ಬರೆದ ಎಂಜಿನಿಯರ್‌ನಲ್ಲೂ ಹೊಣೆ ಪೂರ್ತಿಯಾಗಿದೆ. ಟ್ರಾನ್ಸ್‌ಡ್ಯೂಸರಿನ ಮಟ್ಟವನ್ನು ನೋಡಬೇಕಾದ ದಾದಿಯಲ್ಲೂ ಪೂರ್ತಿಯಾಗಿದೆ. ಯಂತ್ರದಲ್ಲಿ ಲವಲೇಶವೂ ಇಲ್ಲ. ಕೈಗಳು ಕ್ರಿಯೆಯಿಂದ ಬಿಡುಗಡೆ ಹೊಂದಿದುವೆಂದು ಅದನ್ನೇ ನೈಷ್ಕರ್ಮ್ಯವೆಂದು ಭ್ರಮಿಸುವುದು ಸುಲಭವಾದ ಪ್ರಮಾದ. ಗೀತೆ ಬಿಡಿಸಬೇಕೆಂದದ್ದು ಫಲದ ಆಸೆಯನ್ನು, ಕರ್ಮದ ಹೊಣೆಯನ್ನಲ್ಲ.

ಇಂಥ ಯಂತ್ರಗಳು 1980ರ ದಶಕದಲ್ಲಿ ಮಾರುಕಟ್ಟೆಗೂ ಬಂದುವು. ಆದರೂ ಎಲ್ಲೆಡೆ ಹರಡಲಿಲ್ಲ. ಬೇರೆ ಔಷಧಗಳೂ ಬಂದುವು. ಇಂದಿಗೂ ಬಹುತೇಕ ಆಸ್ಪತ್ರೆಗಳಲ್ಲಿ ಪಂಪಿನ ವೇಗವನ್ನು ಬದಲಿಸುವುದು ಮನುಷ್ಯರ ಬೆರಳೇ. ನಾಳೆ ಇನ್ನೂ ಜಾಣವಾದ ಯಂತ್ರಗಳು ಬಂದು ಆ ಬೆರಳನ್ನು ಬಿಡಿಸಬಹುದು. ಬಿಡಿಸಿದರೆ ನನಗೆ ವಿಷಾದವಿಲ್ಲ. ರಾತ್ರಿಯೆಲ್ಲ ಸಂಖ್ಯೆಯೊಂದನ್ನು ದಿಟ್ಟಿಸಿ ಕುಳಿತಿರುವುದರಲ್ಲಿ ಮನುಷ್ಯನ ಹಿರಿಮೆಯೇನೂ ಇಲ್ಲ. ಪ್ರಶ್ನೆಯಿರುವುದು ಹಾಗೆ ಬಿಡುವಾದ ಕಣ್ಣು ಎತ್ತ ತಿರುಗಬೇಕೆಂಬುದರಲ್ಲಿ.

ಏಕೆಂದರೆ ಒತ್ತಡವು ಏರುವುದಕ್ಕೆ ನೂರು ಕಾರಣಗಳಿರಬಹುದು. ರೋಗಿ ಚಳಿಯಿಂದ ನಡುಗುತ್ತಿರಬಹುದು. ಮೂತ್ರಕೋಶ ತುಂಬಿ ಕಟ್ಟಿರಬಹುದು. ಉಸಿರಿನ ನಳಿಗೆ ಗಂಟಲಲ್ಲಿ ಒತ್ತುತ್ತಿರಬಹುದು. ಎಚ್ಚರ ಅರೆಬರೆಯಾಗಿ ಮರಳಿ, ಸೀಳಿ ಹೊಲಿದ ಎದೆಮೂಳೆಯ ನೋವು ಮೊದಲ ಸಲ ಅವನನ್ನು ಮುಟ್ಟಿರಬಹುದು, ಮತ್ತು ಬಾಯಲ್ಲಿ ನಳಿಗೆಯಿರುವುದರಿಂದ ಅದನ್ನು ಹೇಳಿಕೊಳ್ಳಲೂ ಆಗದಿರಬಹುದು. ಯಂತ್ರಕ್ಕೆ ಇವೆಲ್ಲವೂ ಒಂದೇ. ಅದು ಧಾರೆಯನ್ನು ಹೆಚ್ಚಿಸುತ್ತದೆ, ನಾಳಗಳು ಸಡಿಲಗೊಳ್ಳುತ್ತವೆ, ಸಂಖ್ಯೆ ಗುರಿಗೆ ಮರಳುತ್ತದೆ. ಮಾನಿಟರಿನ ಮೇಲೆ ಎಲ್ಲವೂ ಸರಿಯಾಗಿದೆ. ನೋವು ಇದ್ದಲ್ಲೇ ಇದೆ. ಅಷ್ಟೇ ಅಲ್ಲ, ನೋವು ಹೊರಗೆ ತೋರಿಸಿಕೊಳ್ಳುತ್ತಿದ್ದ ಒಂದೇ ಒಂದು ಗುರುತನ್ನೂ ಯಂತ್ರ ಅಳಿಸಿಬಿಟ್ಟಿದೆ. ಸಾಂಖ್ಯಕಾರಿಕೆಯು ತನ್ನ ವಿಚಾರವನ್ನು ಪ್ರಕೃತಿಯಿಂದಲೂ ಪುರುಷನಿಂದಲೂ ಆರಂಭಿಸದೆ ದುಃಖದಿಂದ ಆರಂಭಿಸುತ್ತದೆ. ಬುದ್ಧನ ಉಪದೇಶವೂ ಅಲ್ಲಿಂದಲೇ ಹೊರಡುತ್ತದೆ. ದುಃಖವನ್ನು ಅಳೆಯುವ ಟ್ರಾನ್ಸ್‌ಡ್ಯೂಸರ್ ಇಲ್ಲ. ಅದು ತನ್ನಲ್ಲಿ ದುಃಖವನ್ನು ಬಲ್ಲವನಿಗೆ ಮಾತ್ರ ಇನ್ನೊಬ್ಬನ ಹುಬ್ಬಿನ ಗಂಟಿನಲ್ಲಿ, ಹಾಸಿಗೆಯ ಅಂಚನ್ನು ಹಿಡಿದ ಬೆರಳುಗಳಲ್ಲಿ ಕಾಣುತ್ತದೆ. ಆದ್ದರಿಂದ ಯಂತ್ರವು ಧಾರೆಯನ್ನು ನಡೆಸುತ್ತಿರುವಾಗ ಒಮ್ಮೆಗೇ ಅದರ ವೇಗ ಹೆಚ್ಚಿದ್ದನ್ನು ಕಂಡ ದಾದಿ ಮಾಡಬೇಕಾದ ಮೊದಲ ಕೆಲಸ ರೋಗಿಯ ಮುಖವನ್ನು ನೋಡಿ, ಅವನ ಕಿವಿಯ ಬಳಿ ಬಾಗಿ, ನೋಯುತ್ತಿದೆಯೇ ಎಂದು ಕೇಳುವುದು; ಹೌದೆಂದು ಅವನು ರೆಪ್ಪೆ ಮಿಟುಕಿಸಿದರೆ ನೋವಿಗೆ ಔಷಧ ಕೊಡುವುದು. ಹಾಗೆ ಕೊಟ್ಟಾಗ ಅನೇಕ ವೇಳೆ ಒತ್ತಡ ತಾನಾಗಿಯೇ ಇಳಿದು, ನೈಟ್ರೋಪ್ರುಸೈಡಿನ ಪಂಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.